ನೀರಿನ ಲೋಟ ಕೊಡುವ ಮೊದಲು

ಆಪ್ತಸಮಾಲೋಚನೆಯ ಕೆಲಸಕ್ಕೆ ಬಂದ ಹೊಸದರಲ್ಲಿ ನಾನು ಒಂದು ತಪ್ಪು ಮಾಡುತ್ತಿದ್ದೆ. ಎದುರಿಗೆ ಕೂತವರ ಕಣ್ಣು ತುಂಬಿದ ಕೂಡಲೇ ನೀರಿನ ಲೋಟ ಕೈಗೆ ಕೊಡುತ್ತಿದ್ದೆ. ಒಬ್ಬ ತಾಯಿ ಗಂಡ ತೀರಿಕೊಂಡ ರಾತ್ರಿಯ ಮಾತು ತೆಗೆದಿದ್ದರು, ಅರ್ಧಕ್ಕೆ ಅಳು ಬಂತು, ನಾನು ಲೋಟ ಕೊಟ್ಟೆ. ಎರಡು ಗುಟುಕು ಕುಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, 'ಆತು ಬಿಡ್ರಿ ಮೇಡಂರ, ನಮ್ಮ ಹಣೇಬರಹ' ಅಂದರು. ಮತ್ತೆ ಬರಲಿಲ್ಲ. ನಾನು ಕೊಟ್ಟಿದ್ದು ನೀರು, ಅವರಿಗೆ ಕೇಳಿಸಿದ್ದು 'ಸಾಕು ಮಾಡಿ' ಅಂತ. ಅವರ ಅಳು ತಡೆದುಕೊಳ್ಳಲು ಆಗದೆ ಇದ್ದದ್ದು ನನಗೆ, ಅವರಿಗಲ್ಲ.

ನಮ್ಮ ಧಾರವಾಡದ ಕಡೆ ಯಾರೂ ಬಂದು 'ನನಗೆ ದುಃಖ ಆಗಿದೆ' ಅನ್ನುವುದಿಲ್ಲ. 'ಎದಿ ಭಾರ ಆಗೇತ್ರಿ', 'ಹೊಟ್ಟ್ಯಾಗ ಸಂಕಟ', 'ತಲಿ ಗುಂಯ್ ಅಂತೈತಿ' ಅನ್ನುತ್ತಾರೆ. ಇಸಿಜಿ, ರಕ್ತದ ಪರೀಕ್ಷೆ ಎಲ್ಲಾ ಆಗಿರುತ್ತದೆ, ಎಲ್ಲಾ ಸರಿಯಾಗೇ ಇರುತ್ತದೆ. ಹಾಗಂತ ಅವರು ಸುಳ್ಳು ಹೇಳುತ್ತಿಲ್ಲ. ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದಾಗ ನಿದ್ದೆ ಹಾರುತ್ತದೆ, ಹಸಿವು ಸಾಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ನೋವು ನಿಜವಾದದ್ದೇ.

ಅಣ್ಣಿಗೇರಿ ಕಡೆಯ ಒಬ್ಬ ಹಿರಿಯ ರೈತರು ಹೀಗೇ ಎದೆನೋವು ಅಂತ ಬಂದರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಎರಡು ಭೇಟಿ ಪೂರ್ತಿ ಮಳೆ, ಹತ್ತಿ, ಸೊಸೈಟಿ ಸಾಲದ ಮಾತೇ ಆಯಿತು. ಮೂರನೆಯ ಸಲ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ಸುಮ್ಮನೆ ಕೂತರು. ನಾನೂ ಸುಮ್ನೆ ಕೂತೆ. ಆಮೇಲೆ ಬಾಯಿಬಿಟ್ಟರು: 'ನಿನ್ನೆ ಕಟ್ಟಿ ಮ್ಯಾಲೆ ಎಲ್ಲಾರೂ ಕೂಡಿ ಗಿರ್ಮಿಟ್ ತಿಂತಿದ್ವಿ. ಯಾರೋ ಏನೋ ಅಂದ್ರು, ನಾ ನಕ್ಕೆ. ಮಗ ಹೋಗಿ ಐದು ತಿಂಗಳಾಗಿಲ್ಲ. ತಂದಿ ಅನಿಸಿಕೊಂಡಾಂವ ನಗಬಹುದೇನ್ರಿ?'

ಅವರ ಎದೆಯ ಮೇಲೆ ಕೂತಿದ್ದು ಈ ಪ್ರಶ್ನೆ.

ದುಃಖಕ್ಕೆ ಐದು ಹಂತ ಇವೆ ಅಂತ ಮೊಬೈಲಿನಲ್ಲಿ ಓದಿಕೊಂಡು ಬರುವವರು ಈಗ ಜಾಸ್ತಿ. 'ನಾನಿನ್ನೂ ಎರಡನೇ ಹಂತದಲ್ಲೇ ಇದ್ದೀನಲ್ವಾ?' ಅಂತ ಗಾಬರಿಯಿಂದ ಕೇಳುತ್ತಾರೆ. ಆ ಐದು ಹಂತಗಳನ್ನು 1969ರಲ್ಲಿ ಬರೆದ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಮಾತಾಡಿಸಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು. ಕಳೆದುಕೊಂಡು ಹಿಂದೆ ಉಳಿದವರು ಹತ್ತಬೇಕಾದ ಮೆಟ್ಟಿಲು ಅಲ್ಲ ಅವು. ನನ್ನ ಕೆಲಸದಲ್ಲಿ ಹೆಚ್ಚು ನಿಜ ಅನ್ನಿಸಿದ್ದು 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಅನ್ನುವ ಸಂಶೋಧಕರು ಹೇಳಿದ ಮಾತು. ಮನುಷ್ಯ ಸ್ವಲ್ಪ ಹೊತ್ತು ನೋವಿನ ಕಡೆ ಹೋಗುತ್ತಾನೆ, ಸ್ವಲ್ಪ ಹೊತ್ತು ಬದುಕಿನ ಕಡೆ ಬರುತ್ತಾನೆ, ಮತ್ತೆ ನೋವಿಗೆ ಹೋಗುತ್ತಾನೆ, ಹೀಗೆ ಹೋಗಿ ಬರುತ್ತಲೇ ಚೇತರಿಸಿಕೊಳ್ಳುತ್ತಾನೆ. ನಾನು ಆ ಹಿರಿಯರಿಗೆ ಪಂಚಮಿ ಜೋಕಾಲಿ ನೆನಪಿಸಿದೆ. ಈ ಕಡೆ ಬಂದದ್ದಕ್ಕೆ ಆ ಕಡೆ ಮರೆತ ಹಾಗಾಗುತ್ತದೆಯೇ? ಹಗಲು ಹೊಲದಲ್ಲಿ ಎಡೆ ಹೊಡೆಯುವುದು, ಕಟ್ಟೆಯ ಮೇಲೆ ನಗುವುದು, ರಾತ್ರಿ ಮಗನ ಅಂಗಿ ಹಿಡಿದು ಅಳುವುದು, ಮೂರೂ ಅವರದ್ದೇ.

ನಾವು ಸಾವಿನ ಮನೆಗೆ ಹೋಗಿ 'ಸಮಾಧಾನ ಮಾಡ್ಕೋರಿ', 'ಗಂಡಸಾಗಿ ಅಳ್ತಾರೇನು' ಅಂತ ಹೇಳಿ ಬರುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಅದರ ಬದಲು ಹೋದವರ ಹೆಸರು ಹಿಡಿದು ಒಂದು ನೆನಪು ಕೇಳಿ ನೋಡಿ. ಆ ರೈತರ ಊರಿನಲ್ಲಿ ಅಷ್ಟೂ ತಿಂಗಳು ಯಾರೂ ಅವರ ಮುಂದೆ ಮಗನ ಹೆಸರು ಎತ್ತಿರಲಿಲ್ಲ, ನೋವಾಗಬಾರದು ಅಂತ. ಹೆಸರೇ ಕೇಳಿಸದ ಮನೆ ಅವರಿಗೆ ಇನ್ನೂ ಖಾಲಿ ಅನ್ನಿಸಿತ್ತು.

ಮಾತಿನಿಂದಷ್ಟೇ ಎಲ್ಲಾ ಹಗುರಾಗುವುದಿಲ್ಲ, ಇದನ್ನೂ ಹೇಳಲೇಬೇಕು. ಆರು ತಿಂಗಳು ದಾಟಿದರೂ ಊಟ, ಕೆಲಸ, ಮನೆಮಂದಿ ಯಾವುದೂ ಬೇಡ ಅನ್ನಿಸುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ಸಾಯಬೇಕು ಅನ್ನುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹಳಬರು 'ಹುಚ್ಚರ ದವಾಖಾನಿ' ಅಂತ ಕರೆಯುತ್ತಿದ್ದ ಹೆಸರಿಗೆ ಹೆದರಿ ಎಷ್ಟೋ ಜನ ಗೇಟಿನ ತನಕ ಬಂದು ವಾಪಸ್ ಹೋಗುತ್ತಾರೆ, ನನಗೆ ಬಹಳ ಸಂಕಟ ಆಗುವುದು ಅದಕ್ಕೇ. ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ, ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಅದು, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ ಹಿರಿಯರು ಕೊನೆಯ ಸಲ ಬಂದಾಗ ನನ್ನನ್ನು ಮೇಡಂ ಅನ್ನಲಿಲ್ಲ, ತಂಗಿ ಅಂದರು. 'ನಮ್ಮಾಂವ ಗಿರ್ಮಿಟ್ಗೆ ಹಸಿಮೆಣಸಿನಕಾಯಿ ಕಚಕಚ ಕಡಕೊಂತ ತಿಂತಿದ್ದ, ಮೂಗಿನ್ಯಾಗ ನೀರು ಸುರದ್ರೂ ಬಿಡತಿದ್ದಿಲ್ಲ' ಅಂತ ಹೇಳುತ್ತಾ ನಕ್ಕರು. ನಗುತ್ತಾ ನಗುತ್ತಾನೇ ಅತ್ತರು. ಲೋಟ ಮೇಜಿನ ಮೇಲೆ ಇತ್ತು, ನಾನು ಮುಟ್ಟಲಿಲ್ಲ. ಸಾಕಾದ ಮೇಲೆ ಅವರೇ ಎತ್ತಿಕೊಂಡು ಕುಡಿದರು, ಟೊಪ್ಪಿಗೆ ಹಾಕಿಕೊಂಡು ನಾಲ್ಕರ ಬಸ್ಸಿಗೆ ಹೊರಟರು.