ತುರ್ತು ವಿಭಾಗಕ್ಕೆ ಬಾರದವರು

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೋವಿಡ್ ಸಾವು ಎಂದು ಎರಡು ದಿನಗಳ ನಂತರ ಗೊತ್ತಾಯಿತು. ದೇಶಕ್ಕೆಲ್ಲ ಲಾಕ್‌ಡೌನ್ ಬಂದದ್ದು ಮಾರ್ಚ್ 25ಕ್ಕೆ. ಅಷ್ಟರಲ್ಲಿ ಇಲ್ಲಿ ಭಯ ಓಣಿ ಓಣಿಗೂ ತಲುಪಿತ್ತು. ದವಾಖಾನೆಗೆ ಹೋದರೆ ರೋಗ ಹತ್ತುತ್ತದೆ ಎಂದು ಜನ, ಮನಸ್ಸಿನ ತೊಂದರೆ ಇದ್ದವರೂ, ಮನೆಯಲ್ಲೇ ಉಳಿದರು.

ಇದು ಕಲಬುರಗಿಯ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಆ ಏಪ್ರಿಲ್‌ನಲ್ಲಿ ತುರ್ತು ವಿಭಾಗಕ್ಕೆ ಬಂದವರು ಹಿಂದಿನ ವರ್ಷಕ್ಕಿಂತ ಶೇ. 42ರಷ್ಟು ಕಡಿಮೆ. ಮನಸ್ಸಿನ ತೊಂದರೆಗೆ ಬಂದವರೂ ಮೊದಮೊದಲು ಕಡಿಮೆಯಾದರು. ಆದರೆ ಬಂದವರಲ್ಲಿ ಅವರ ಪಾಲು ಹೆಚ್ಚಿತು. 12ರಿಂದ 17 ವರ್ಷದ ಮಕ್ಕಳಲ್ಲಿ ಈ ಪಾಲು 2019ಕ್ಕಿಂತ ಶೇ. 31ರಷ್ಟು ಏರಿತು. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಉಳಿದ ರೋಗಿಗಳು ಬರದೇ ಹೋದರೆ ಪಾಲು ತಾನಾಗಿಯೇ ಏರುತ್ತದೆ, ಅಲ್ವಾ? ಆದರೆ 2021ರ ಫೆಬ್ರವರಿ–ಮಾರ್ಚ್ ಹೊತ್ತಿಗೆ ಸಂಶಯಕ್ಕೆ ಜಾಗ ಉಳಿಯಲಿಲ್ಲ. ಆತ್ಮಹತ್ಯೆಗೆ ಯತ್ನಿಸಿರಬಹುದೆಂದು ತುರ್ತು ವಿಭಾಗಕ್ಕೆ ಬಂದ ಅದೇ ವಯಸ್ಸಿನ ಹುಡುಗಿಯರ ಸಂಖ್ಯೆಯೇ 2019ಕ್ಕಿಂತ ಸುಮಾರು ಶೇ. 51ರಷ್ಟು ಜಾಸ್ತಿ ಇತ್ತು. ಹುಡುಗರಲ್ಲಿ ಏರಿಕೆ ಶೇ. 4ರ ಆಸುಪಾಸು.

ನಮ್ಮಲ್ಲಿ ಮೊದಲು ಬಂದ ತುರ್ತು ಬೇರೆ ಥರದ್ದು. ಹೆಂಡದಂಗಡಿಗಳು ರಾತ್ರೋರಾತ್ರಿ ಮುಚ್ಚಿದವು. ಕರ್ನಾಟಕದಲ್ಲಿ ಮತ್ತೆ ತೆರೆದದ್ದು ಮೇ 4ಕ್ಕೆ. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಹೆಂಡದ ಮಂಪರಿಗೆ ಎದುರಾಗಿ ತನ್ನ ಚುರುಕನ್ನು ಏರಿಸಿಕೊಂಡಿರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಓಡುತ್ತಿದ್ದ ಗಾಡಿಗೆ ಒಮ್ಮೆಲೇ ಬ್ರೇಕ್ ಬಿಟ್ಟಂತೆ, ಕುಡಿತ ನಿಂತ ಕೂಡಲೇ ಅದು ಹತೋಟಿ ತಪ್ಪುತ್ತದೆ. ಮೊದಲು ಕೈ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ, ಚಿಕಿತ್ಸೆ ಸಿಗದಿದ್ದರೆ ಜೀವವೂ ಹೋಗಬಹುದು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇಂಥ ಗಂಭೀರ ಪ್ರಕರಣಗಳು ಲಾಕ್‌ಡೌನ್ ಶುರುವಾದ ಮೇಲೆ ದಿನಕ್ಕೆ ಸರಾಸರಿ ಎರಡು ಪಟ್ಟಾದವು. ಬೀದರ್‌ನ ಗಡಿಯಾಚೆ ತೆಲಂಗಾಣದಲ್ಲಿ ಸೇಂದಿ ಸಿಗದೇ ಒದ್ದಾಡಿದವರು ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯಲ್ಲಿ ಸಾಲುಗಟ್ಟಿದರು. ಕುಡುಕರು ಅನುಭವಿಸಲಿ ಎಂದು ಅಂದವರೂ ಇದ್ದರು. ಆ ಮಾತು ನನಗೆ ಸಹಿಸಲಾಗದು. ಫಿಟ್ಸ್ ಬಂದವನಿಗೆ ಬೇಕಾದದ್ದು ಬೈಗುಳವಲ್ಲ, ಹೊತ್ತಿಗೆ ಸರಿಯಾಗಿ ಸಿಗುವ ಚಿಕಿತ್ಸೆ.

ಇನ್ನೊಂದು ಗುಂಪು ಸದ್ದಿಲ್ಲದೇ ಬಂತು. "ಎದಿ ಡವಡವ ಅಂತದ್ರಿ, ದಮ್ಮು ಹತ್ತೇದ್ರಿ" ಎನ್ನುವ ಗಾಬರಿಯ ರೋಗಿ. ಕೋವಿಡ್ಡೂ ಉಸಿರನ್ನೇ ಹಿಡಿಯುತ್ತದೆ, ಗಾಬರಿಯೂ ಉಸಿರನ್ನೇ ಹಿಡಿಯುತ್ತದೆ. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದರಿಂದ ತಲೆ ಹಗುರಾಗಿ ಬೆರಳು ಜುಮ್ಮೆನ್ನುತ್ತವೆ, ಭಯ ಇನ್ನೂ ಏರುತ್ತದೆ. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮಾತ್ರ 98, 99 ತೋರಿಸುತ್ತಿರುತ್ತದೆ. ಹಾಗಂತ "ನಿನಗೇನೂ ಆಗಿಲ್ಲ" ಎಂದು ಸುಮ್ನೆ ಮನೆಗೆ ಕಳಿಸುವುದು ತಪ್ಪು. ಆಗಿರುವುದು ನಿಜವೇ, ಪುಪ್ಪುಸದಲ್ಲಿ ಮಾತ್ರ ಅಲ್ಲ.

ನನ್ನ ಚಿಂತೆ ಹೆಚ್ಚಾಗಿ ಬಾರದವರ ಬಗ್ಗೆಯೇ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋರೋಗದ ತಪಾಸಣೆ ಇರುತ್ತದೆ. ಬಸ್ಸೇ ಇಲ್ಲದಿದ್ದರೆ ಸುರಪುರದ ಹಳ್ಳಿಯಿಂದ ಗುಳಿಗೆಗೆ ಬರುವುದು ಹೇಗೆ? ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದ ಗುಳಿಗೆ ತಪ್ಪಿದರೆ ಅಂದೇ ಏನೂ ಆಗದಿರಬಹುದು. ವಾರಗಳೋ ತಿಂಗಳುಗಳೋ ಕಳೆದು ಕಾಯಿಲೆ ಮರುಕಳಿಸುತ್ತದೆ. ಆಗ ಮನೆಯವರಿಗೆ ಅದಕ್ಕೂ ಲಾಕ್‌ಡೌನಿಗೂ ಇರುವ ನಂಟು ಹೊಳೆಯುವುದೇ ಇಲ್ಲ. ಗಾಳಿ ಹಿಡಿದಿದೆ ಎಂದು ಜನ ಹೋಗುವ ಗಾಣಗಾಪುರದ ದತ್ತನ ಗುಡಿ, ಕಲಬುರಗಿಯ ಬಂದೇನವಾಜರ ದರ್ಗಾ ಎರಡೂ ಮುಚ್ಚಿದ್ದವು. ನಂಬಿಕೆ ಗುಳಿಗೆಯ ಬದಲಿಯಲ್ಲ. ಆದರೂ ಬಹಳ ಮನೆಗಳಿಗೆ ಸಂಕಟ ಹೇಳಿಕೊಳ್ಳಲು ಇದ್ದ ಮೊದಲ ಬಾಗಿಲು ಅದೇ. ಮುಂಬೈ, ಪುಣೆಗೆ ಗುಳೆ ಹೋಗಿ ಕೂಲಿ ಕಳೆದುಕೊಂಡು ಬಂದವರು ಊರ ಶಾಲೆಯ ಕ್ವಾರಂಟೈನಿನಲ್ಲಿ ಕೂತಿದ್ದರು. ಅವರ ನಿದ್ದೆ ಹೇಗಿದೆ ಎಂದು ಕೇಳಿದವರು ಎಷ್ಟು ಜನ?

ರಿಜಿಸ್ಟರಿನ ತೊಂದರೆಯೂ ಇದೆ. ವಿಷ ಕುಡಿದು ಬಂದವರನ್ನು 'ವಿಷ ಸೇವನೆ, ಎಂಎಲ್‌ಸಿ' (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಎಂದು ಬರೆದುಕೊಂಡರೆ ಮನಸ್ಸಿನ ಲೆಕ್ಕಕ್ಕೆ ಅವರು ಸೇರುವುದಿಲ್ಲ. ಕೇಸಿನ ಹೆದರಿಕೆಯಿಂದ "ತಿಳಿಯದೇ ಕುಡಿದ" ಎನ್ನುವ ಮನೆಯವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಬೇರೆಯೆಂದು ಸಾಬೀತಾಗದ ಹೊರತು ಅವರಿಗೆ ಶಿಕ್ಷೆಯಿಲ್ಲ. ಇದು ಹಳ್ಳಿಗೆ ತಲುಪಿಲ್ಲ.

2022ರ ಅಕ್ಟೋಬರ್ 10ರಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಹಗಲಿರುಳು ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಬಸ್ಸು ನಿಂತಾಗಲೂ ಫೋನು ನಡೆಯುತ್ತದೆ. ಆದರೆ ಗುಳಿಗೆ ಫೋನಿನಲ್ಲಿ ಬರುವುದಿಲ್ಲ. ಮಂಗಳವಾರ ಬಾರದವರ ಪಟ್ಟಿ ಅದೇ ವಾರ ಆಶಾ ಕಾರ್ಯಕರ್ತೆಯ ಕೈಗೆ ಹೋಗಬೇಕು, ಎರಡು ತಿಂಗಳ ಗುಳಿಗೆ ಮನೆಗೇ ತಲುಪಬೇಕು. ಮುಂದಿನ ಸಾಂಕ್ರಾಮಿಕಕ್ಕೆ ಕಾಯದೆ ಈ ಏರ್ಪಾಡನ್ನು ಈಗಲೇ ಮಾಡಬಹುದು.