ಹೆಸರು ಹಂಚಿಕೊಂಡವರು, ಖರ್ಚು ಹಂಚಿಕೊಳ್ಳದವರು: ಕಡಲ ಎಚ್ಚರಿಕೆಯ ಹಿನ್ನೆಲೆ

ಸಮುದ್ರ ಕೆಟ್ಟಿತೆಂದರೆ ಕಾರವಾರ ಬಂದರಿನಲ್ಲಿ 3ನೇ ನಂಬರಿನ ಎಚ್ಚರಿಕೆ ಸಂಕೇತ ಏರುತ್ತದೆ. ಮೀನುಗಾರರ ಮೊಬೈಲಿನಲ್ಲಿ ನಕ್ಷೆಗಳು ಓಡಾಡತೊಡಗುತ್ತವೆ. ಆ ಚಂಡಮಾರುತದ ಹೆಸರು ಮ್ಯಾನ್ಮಾರ್ ಕೊಟ್ಟಿದ್ದಿರಬಹುದು, ಒಮಾನ್ ಕೊಟ್ಟಿದ್ದಿರಬಹುದು. ಗಾಳಿಯ ದಾರಿಯ ಲೆಕ್ಕ ದೆಹಲಿಯದ್ದು. ಅಲೆಯ ಲೆಕ್ಕ ಹೈದರಾಬಾದಿನದ್ದು. ಕರಾವಳಿಯಲ್ಲಿ ಆಶ್ರಯ ಕಟ್ಟಡ ಕಟ್ಟುವ ಯೋಜನೆಗೆ ವಿಶ್ವಬ್ಯಾಂಕಿನ ಸಾಲ. ಇದರ ಮೇಲೆ ನೆರೆ ದೇಶಗಳ ಕೂಟಗಳಾದ ಬಿಮ್‌ಸ್ಟೆಕ್, ಸಾರ್ಕ್, ಹಿಂದೂ ಮಹಾಸಾಗರ ದೇಶಗಳ ಕೂಟ ಅಂತ ಹತ್ತಾರು ಹೆಸರು. ಯಾರು ಯಾವ ಕೆಲಸಕ್ಕೆ ಅಂತ ಕೇಳಿದರೆ ದಿನಾ ಪೇಪರ್ ಓದುವವರೂ ತಡವರಿಸುತ್ತಾರೆ.

ಈ ಕೂಟಗಳ ಕತೆ ಶುರುವಾಗಿದ್ದು ವ್ಯಾಪಾರದಿಂದ. ಯುದ್ಧದಲ್ಲಿ ನಲುಗಿದ ಏಷ್ಯಾದ ಆರ್ಥಿಕತೆಯನ್ನು ಎತ್ತಿ ನಿಲ್ಲಿಸಲು ವಿಶ್ವಸಂಸ್ಥೆ 1947ರಲ್ಲಿ ಶಾಂಘೈನಲ್ಲಿ ಒಂದು ಆಯೋಗ ಮಾಡಿತು. ಅದೇ ಮುಂದೆ ಬ್ಯಾಂಕಾಕ್‌ಗೆ ಬಂದು, ಈಗ ಎಸ್ಕಾಪ್ ಎನ್ನಿಸಿಕೊಳ್ಳುತ್ತದೆ. 1970ರ ನವೆಂಬರಿನಲ್ಲಿ ಭೋಲಾ ಚಂಡಮಾರುತ ಆಗಿನ ಪೂರ್ವ ಪಾಕಿಸ್ತಾನದಲ್ಲಿ ಕನಿಷ್ಠ 3 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಬರಿ ರಸ್ತೆ, ಬಂದರು, ಸುಂಕದ ಮಾತಾಡಿದರೆ ಸಾಲದು ಅಂತ ಆಗ ಅರ್ಥವಾಯಿತು. ವಿಶ್ವ ಹವಾಮಾನ ಸಂಸ್ಥೆಯೂ ಎಸ್ಕಾಪೂ ಸೇರಿ 1972ರಲ್ಲಿ ಚಂಡಮಾರುತಗಳಿಗೆಂದೇ ಒಂದು ಸಮಿತಿ ಮಾಡಿದವು. 1988ರಿಂದ ಈ ಭಾಗದ ಚಂಡಮಾರುತಗಳ ಮೇಲೆ ಕಣ್ಣಿಡುವ ಹೊಣೆ ದೆಹಲಿಯ ಹವಾಮಾನ ಇಲಾಖೆಯದ್ದು. ನಮಗೆ ಕೊಡುವ ಮುನ್ಸೂಚನೆಯನ್ನೇ ಅದು ಪಾಕಿಸ್ತಾನಕ್ಕೂ ಕೊಡುತ್ತದೆ. ಗಡಿಯಲ್ಲಿ ಮಾತುಕತೆ ನಿಂತಿದ್ದರೂ ಇದು ನಿಂತಿಲ್ಲ.

ಹೆಸರಿಡುವ ಮಾತು 2000ದಲ್ಲಿ ಮಸ್ಕತ್‌ನ ಸಭೆಯಲ್ಲಿ ಬಂತು. 8 ದೇಶಗಳು ಒಟ್ಟು 64 ಹೆಸರು ಕೊಟ್ಟವು. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಸರದಿಯಲ್ಲಿರುವ ಹೆಸರು. 2004ರಲ್ಲಿ ಅರಬ್ಬೀ ಸಮುದ್ರದಲ್ಲೆದ್ದ ‘ಒನಿಲ್’ ಮೊದಲನೆಯದು. 2020ರ ‘ಅಂಫಾನ್’ಗೆ ಆ ಪಟ್ಟಿ ಮುಗಿಯಿತು. ಈಗಿನ ಪಟ್ಟಿಯಲ್ಲಿ 13 ದೇಶಗಳ 169 ಹೆಸರುಗಳಿವೆ.

‘ಒನಿಲ್’ ಬಂದ ವರ್ಷವೇ ಡಿಸೆಂಬರ್ 26ಕ್ಕೆ ಸುನಾಮಿ. ಪೆಸಿಫಿಕ್ ಸಾಗರಕ್ಕೆ ಅಷ್ಟೊತ್ತಿಗೆ ದಶಕಗಳಿಂದ ಸುನಾಮಿ ಎಚ್ಚರಿಕೆ ಕೇಂದ್ರ ಇತ್ತು, ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. 2 ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆಯಾದ ಹೈದರಾಬಾದಿನ ಇನ್‌ಕಾಯಿಸ್‌ನಲ್ಲಿ ಎಚ್ಚರಿಕೆ ಕೇಂದ್ರ ಕೆಲಸ ಶುರು ಮಾಡಿದ್ದು 2007ರಲ್ಲಿ. 2011ರಿಂದ ಭಾರತ, ಆಸ್ಟ್ರೇಲಿಯಾ, ಇಂಡೋನೇಷ್ಯಾ ಮೂರೂ ಸೇರಿ ಇಡೀ ಸಾಗರಕ್ಕೆ ಸೂಚನೆ ಕೊಡುತ್ತಿವೆ.

ಅಲ್ಲಿಯವರೆಗೂ ಎಲ್ಲರ ಗಮನ ಬಂಗಾಳ ಕೊಲ್ಲಿಯ ಕಡೆಗೇ ಇತ್ತು. ಅರಬ್ಬೀ ಸಮುದ್ರ ಶಾಂತ ಅನ್ನೋದು ನಮ್ಮ ಕಡೆಯ ಹಳೇ ನಂಬಿಕೆ. 2009ರ ನವೆಂಬರಿನ ‘ಫಯಾನ್’ ಕೊಂಕಣ ತೀರವನ್ನು ಅಲ್ಲಾಡಿಸಿದಾಗಲೂ ಆ ನಂಬಿಕೆ ಪೂರ್ತಿ ಹೋಗಲಿಲ್ಲ. ಹೋಗಿದ್ದು 2017ರ ‘ಒಖಿ’ಯಿಂದ.

‘ಒಖಿ’ ವಾಯುಭಾರ ಕುಸಿತದಿಂದ ಚಂಡಮಾರುತವಾಗಲು ಸುಮಾರು ಒಂದು ದಿನ ಸಾಕಾಯಿತು. ನಮ್ಮಲ್ಲಿ ಎಚ್ಚರಿಕೆಯ ಕ್ರಮ ಹೀಗಿದೆ: 72 ಗಂಟೆ ಮೊದಲು ಒಂದು ಸೂಚನೆ, 48 ಗಂಟೆ ಮೊದಲು ಇನ್ನೊಂದು, 24 ಗಂಟೆ ಮೊದಲು ಮತ್ತೊಂದು. ದಡಕ್ಕೆ ಬಂದು ಅಪ್ಪಳಿಸುವ ಗಾಳಿಗೆ ಇದು ಸರಿ. ಆದರೆ ವಾರದ ಐಸು, ಡೀಸೆಲ್ಲು, ಅಕ್ಕಿ ತುಂಬಿಕೊಂಡು ಆಳ ಸಮುದ್ರಕ್ಕೆ ಹೋದ ಬೋಟಿಗೆ? ದಡದಿಂದ ಸ್ವಲ್ಪ ದೂರ ಹೋಗುತ್ತಲೇ ಮೊಬೈಲ್ ಸಿಗ್ನಲ್ ಹೋಗುತ್ತದೆ. ವೈರ್‌ಲೆಸ್ ಇದ್ದರೂ ಅದು ಅಕ್ಕಪಕ್ಕದ ಬೋಟುಗಳ ಮಾತಿಗೆ ಸರಿ. ಕೇರಳ, ಕನ್ಯಾಕುಮಾರಿ ಕಡೆಯ ನೂರಾರು ಮೀನುಗಾರರು ಮನೆಗೆ ಬರಲಿಲ್ಲ.

2019ರಲ್ಲಿ ‘ಕ್ಯಾರ್’. ರತ್ನಾಗಿರಿಯ ಎದುರು ಹುಟ್ಟಿ, ಸರಿಯಾಗಿ ದೀಪಾವಳಿಯ ಹೊತ್ತಿಗೆ ಸೂಪರ್ ಸೈಕ್ಲೋನ್ ಆಯಿತು. 2007ರ ‘ಗೋನು’ ನಂತರ ಅರಬ್ಬೀ ಸಮುದ್ರದಲ್ಲಿ ಅಷ್ಟು ಬಲ ಯಾವುದಕ್ಕೂ ಬಂದಿರಲಿಲ್ಲ. ಕಾರವಾರದ ಬಂದರಿಗೆ ಗುಡ್ಡ, ದ್ವೀಪಗಳ ಮರೆ ಇದೆ. ಹಾಗಾಗಿ ಸಮುದ್ರ ಎದ್ದಾಗ ಹೊರ ರಾಜ್ಯದ ಬೋಟುಗಳೂ ಇಲ್ಲಿಗೇ ಓಡಿಬರುತ್ತವೆ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಿನಲ್ಲಿ ಆಗ ನೋಡಬೇಕು: ಒಂದಕ್ಕೊಂದು ಹಗ್ಗ ಬಿಗಿದು ನಿಂತ ಬೋಟುಗಳು, ಬದಿಗೆ ಇಳಿಬಿಟ್ಟ ಹಳೇ ಟಯರುಗಳು, ಒಂದೊಂದರ ಮೇಲೆ ಒಂದೊಂದು ಭಾಷೆ. ಅಡುಗೆ ಅಲ್ಲೇ, ನಿದ್ದೆ ಅಲ್ಲೇ. ಕೊಳ್ಳುವವರಿಗೆ ಮಾತ್ರ ಮೀನಿಲ್ಲ. ‘ಕ್ಯಾರ್’ ಕೊನೆಗೆ ಪಶ್ಚಿಮಕ್ಕೆ ತಿರುಗಿ ಸಮುದ್ರದಲ್ಲೇ ಕರಗಿತು. ಅಷ್ಟರಲ್ಲೇ ಒಮಾನ್, ಯುಎಇ ತೀರಗಳಿಗೂ ಸಮುದ್ರದ ನೀರು ನುಗ್ಗಿತ್ತು. ನಮ್ಮ ತೀರದಲ್ಲಿ ಹುಟ್ಟಿದ ಗಾಳಿಯ ಸುದ್ದಿ ಅವರಿಗೂ ಬೇಕೇ ಬೇಕು ಅಲ್ವಾ? ‘ಕ್ಯಾರ್’ ತಣ್ಣಗಾಗುವ ಮೊದಲೇ ‘ಮಹಾ’ ಎದ್ದಿತು. 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯ ನಡುವೆ, ‘ತೌಕ್ತೆ’.

ಈ ನಡುವೆ ಉಪಕರಣಗಳು ಬಂದವು. 2019ರ ಅಕ್ಟೋಬರಿನಲ್ಲಿ ಬಂದ ‘ಜೆಮಿನಿ’ ಎಂಬ ಉಪಕರಣ ಉಪಗ್ರಹದ ಮೂಲಕ ದೂರದ ಬೋಟಿಗೂ ಎಚ್ಚರಿಕೆ ಮುಟ್ಟಿಸುತ್ತದೆ, ಆದರೆ ಬೋಟಿನವರು ಅದರಲ್ಲಿ ಉತ್ತರ ಕೊಡುವಂತಿಲ್ಲ. ಎರಡೂ ಕಡೆ ಸಂದೇಶ ಹೋಗುವಂಥದ್ದನ್ನು ಇಸ್ರೋ 2024ರಲ್ಲಿ ಹೊರತಂದಿತು. ಮುನ್ಸೂಚನೆ ಸುಧಾರಿಸಿದ್ದು ನಿಜ, ಅದರಿಂದ ಜೀವ ಉಳಿದಿದ್ದೂ ನಿಜ. ಅದರಲ್ಲಿ ಎರಡು ಮಾತಿಲ್ಲ.

ಒಂದು ಅಡ್ಡಮಾತು. ಇದೆಲ್ಲ ಕಡಲ ಕಡೆಗಾಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕುಸಿದದ್ದು ಗುಡ್ಡ. ಹೆದ್ದಾರಿ ಬದಿಯ ಚಹಾ ಅಂಗಡಿ, ಲಾರಿ ಎಲ್ಲ ಮಣ್ಣಿನ ಜೊತೆ ಹೋದವು. ಗಂಗಾವಳಿ ನದಿ ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೆ ಅಲೆಯಾಗಿ ನುಗ್ಗಿತು. ಗುಡ್ಡಕ್ಕೆ ನಂಬರಿನ ಸಂಕೇತ ಇರಲಿಲ್ಲ.

ಇನ್ನು ಹಣದ ಮಾತು. ವ್ಯಾಪಾರದ ಕೂಟಗಳು ಒಂದು ದಾರಿ, ವಿಪತ್ತಿನ ಕೂಟಗಳು ಇನ್ನೊಂದು ದಾರಿ ಹಿಡಿದಿದ್ದು ನಮ್ಮ ಭಾಗದಲ್ಲೇ ಜಾಸ್ತಿ. ಏಷ್ಯಾ-ಪೆಸಿಫಿಕ್ ದೇಶಗಳ ಆರ್ಥಿಕ ಕೂಟವಾದ ಎಪೆಕ್‌ನಲ್ಲಿ ಭಾರತ ಇಲ್ಲ. ಏಷ್ಯಾದ ದೊಡ್ಡ ವ್ಯಾಪಾರ ಒಪ್ಪಂದ ಆರ್‌ಸಿಇಪಿಯ ಮಾತುಕತೆಯಿಂದ 2019ರ ನವೆಂಬರಿನಲ್ಲಿ ಹೊರಬಂತು. ಇದಕ್ಕೆಲ್ಲ ಅದರದರ ಕಾರಣಗಳಿವೆ. ಪೆಸಿಫಿಕ್‌ನ ಪುಟ್ಟ ದ್ವೀಪಗಳು ಬೇರೆ ದಾರಿ ಹಿಡಿದವು. ಹಲವು ದೇಶ ಸೇರಿ ವಿಮೆ ಮಾಡಿಸಿಕೊಂಡವು. ಗಾಳಿ ಇಷ್ಟು ಬಲ ಮುಟ್ಟಿದರೆ ಇಷ್ಟು ಹಣ ಅಂತ ಮೊದಲೇ ಬರೆದಿಟ್ಟ ಲೆಕ್ಕ. 2015ರಲ್ಲಿ ‘ಪಾಮ್’ ಚಂಡಮಾರುತ ಬಡಿದಾಗ ವನುವಾಟುಗೆ 19 ಲಕ್ಷ ಡಾಲರ್ ಬಂದಿದ್ದು ಹೀಗೆ, ಅದೂ ಕೆಲವೇ ದಿನದಲ್ಲಿ. ಆಗ್ನೇಯ ಏಷ್ಯಾದವರೂ ಇಂಥದ್ದೇ ಒಂದನ್ನು ಸಿಂಗಾಪುರದಲ್ಲಿ ಕಟ್ಟಿಕೊಂಡಿದ್ದಾರೆ.

ಹೆಸರು ಹಂಚಿಕೊಳ್ಳುವ ನಮ್ಮ 13 ದೇಶಗಳ ನಡುವೆ ಅಂಥದ್ದು ಇಲ್ಲ. ಜೂನ್, ಜುಲೈನ 61 ದಿನದ ಮೀನುಗಾರಿಕೆ ನಿಷೇಧಕ್ಕೆ ಉಳಿತಾಯ-ಪರಿಹಾರ ಯೋಜನೆ ಇದೆ, ಅಪಘಾತಕ್ಕೆ ವಿಮೆ ಇದೆ. ಎಚ್ಚರಿಕೆ ಪಾಲಿಸಿ ಬೋಟು ಕಟ್ಟಿ ಕೂತ ದಿನದ ಖರ್ಚು ಮಾತ್ರ ಬೋಟಿನವರದ್ದೇ. ಐಸು ಕರಗುತ್ತದೆ, ಸಾಲದ ಕಂತು ಕರಗುವುದಿಲ್ಲ. ಮುನ್ಸೂಚನೆ ಹೇಳಿದಷ್ಟು ಗಾಳಿ ಬರದೇ ಇದ್ದಾಗ ‘ಸುಮ್ನೆ ಕೂರಿಸಿದ್ರು’ ಅನ್ನುವ ಮಾತು ಬರುತ್ತದೆ. ಮುಂದಿನ ಸಲ ಸಂಕೇತ ಏರಿದರೂ ಒಂದಿಬ್ಬರು ಕಣ್ತಪ್ಪಿಸಿ ಹೊರಡುತ್ತಾರೆ. 2021ರ ಅಕ್ಟೋಬರ್, ನವೆಂಬರಿನ ಎಚ್ಚರಿಕೆ ದಿನಗಳಲ್ಲಿ ಕೆಲಸ ಕಳೆದುಕೊಂಡ ಮೀನುಗಾರ ಕುಟುಂಬಗಳಿಗೆ ಕೇರಳ ತಲಾ 3,000 ರೂಪಾಯಿ ಮಂಜೂರು ಮಾಡಿತ್ತು.