ಹೊರಾಂಗಣದ ಕಾಂಕ್ರೀಟ್ ನೆಲಹಾಸಿನ ತಳಪದರ: ಯಾವ ಜಲ್ಲಿ, ಎಷ್ಟು ದಪ್ಪ?

ಭಾರವನ್ನು ಹರಡುವ ಕೆಲಸವನ್ನು ಬಹುಪಾಲು ಕಾಂಕ್ರೀಟೇ ಮಾಡಿಕೊಳ್ಳುತ್ತದೆ. ಅದರ ಅಡಿಗೆ ಹಾಕುವ ಜಲ್ಲಿಯ ತಳಪದರದಿಂದ ನಮಗೆ ಬೇಕಾದದ್ದು ಎಲ್ಲ ಕಡೆ ಒಂದೇ ಸಮನಾದ ಆಸರೆ, ನೀರು ನಿಲ್ಲದ ಅಡಿಪಾಯ. ಸಾಮಗ್ರಿಯನ್ನು ಈ ಎರಡರಲ್ಲೇ ಅಳೆಯಿರಿ.

ಸಾಮಾನ್ಯ ಕೆಲಸಕ್ಕೆ 20 ಮಿ.ಮೀ.ನಿಂದ ಪುಡಿಯವರೆಗೆ ಎಲ್ಲ ಗಾತ್ರವೂ ಬೆರೆತ, ಕ್ರಷರ್‌ನಲ್ಲಿ ಒಡೆದ ಜಲ್ಲಿಯೇ ಒಳ್ಳೆಯದು. ಮೂಲೆಯುಳ್ಳ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಸಂದಿಗಳನ್ನು ಸಣ್ಣ ಚೂರು ತುಂಬುತ್ತವೆ. ಹೊಳೆಯ ಗುಂಡುಗಲ್ಲು ಎಷ್ಟು ದಮ್ಮಸು ಮಾಡಿದರೂ ಗೋಲಿಯಂತೆ ಜಾರುತ್ತದೆ. ಒಂದೇ ಗಾತ್ರದ ಜಲ್ಲಿಯಲ್ಲಿ ನೀರು ಚೆನ್ನಾಗಿ ಬಸಿಯುತ್ತದೆ, ಆದರೆ ಹಸಿ ಕಾಂಕ್ರೀಟಿನ ಹಾಲು (ಸಿಮೆಂಟ್ ಬೆರೆತ ನೀರು) ಸಂದಿಗೆ ಇಳಿಯುತ್ತದೆ. ಹಾಗಾಗಿ ಜಲ್ಲಿಯ ಮೇಲೆ ಪಾಲಿಥೀನ್ ಹಾಳೆ ಹಾಸಬೇಕು.

ಬರೀ ಕಲ್ಲುಪುಡಿ ಅಗ್ಗ, ಮಟ್ಟ ಮಾಡಲೂ ಸಲೀಸು. ಮೋಸ ಹೋಗುವುದು ಇಲ್ಲೇ. ನುಣ್ಣನೆಯ ಪುಡಿ ನೀರು ಹಿಡಿದಿಡುತ್ತದೆ. ಚಕ್ರ ಹಾದಾಗಲೆಲ್ಲ ಆ ಕೆಸರು ಜಾಯಿಂಟಿನಿಂದ ಮೇಲಕ್ಕೆ ಚಿಮ್ಮುತ್ತದೆ, ಅಡಿಯಲ್ಲಿ ಪೊಳ್ಳಾಗುತ್ತದೆ, ಕೊನೆಗೆ ಆಧಾರವಿಲ್ಲದ ಮೂಲೆ ಮುರಿಯುತ್ತದೆ. ಮರಳಾದರೆ ಅಂಚಿನಿಂದಲೇ ಕೊಚ್ಚಿಹೋಗುತ್ತದೆ.

ನಡೆದಾಡುವ ಜಾಗಕ್ಕೆ 100 ಮಿ.ಮೀ., ಕಾರು ಓಡಾಡುವಲ್ಲಿ 150 ಮಿ.ಮೀ. ದಪ್ಪ ಇರಲಿ. ಮೊದಲು ಬೇರು, ಹುಲ್ಲು ಇರುವ ಮೇಲ್ಮಣ್ಣನ್ನು ಪೂರ್ತಿ ತೆಗೆಯಿರಿ. ಜೇಡಿಮಣ್ಣಾದರೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ) ಬಟ್ಟೆ ಹಾಸಿ, ಇಲ್ಲವಾದರೆ ಕಲ್ಲು ಕೆಳಗಿಳಿದು ಮಣ್ಣು ಮೇಲೇರುತ್ತದೆ. ಜೇಡಿನೆಲದಲ್ಲಿ ಗುಂಡಿ ತೋಡಿ ಜಲ್ಲಿ ತುಂಬಿದರೆ ಅದು ನೀರು ನಿಲ್ಲುವ ತೊಟ್ಟಿಯೂ ಆಗುತ್ತದೆ. ಅಗೆದ ನೆಲಕ್ಕೇ ಮೀಟರಿಗೆ 20 ಮಿ.ಮೀ. ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ನೀರಿಗೆ ದಾರಿ ಬಿಡಿ.

4 ಮೀ. × 3 ಮೀ. ಜಾಗಕ್ಕೆ 100 ಮಿ.ಮೀ. ಎಂದರೆ 1.2 ಘನ ಮೀಟರ್. ದಮ್ಮಸಿನಲ್ಲಿ ಜಲ್ಲಿ ಕುಗ್ಗುವುದರಿಂದ ತರಿಸುವಾಗ 1.5 ಘನ ಮೀಟರ್ ಹೇಳಿ. ಒಮ್ಮೆಗೆ 75–100 ಮಿ.ಮೀ.ಗಿಂತ ಹೆಚ್ಚು ಹರಡಬೇಡಿ. ಪ್ಲೇಟ್ ಕಂಪ್ಯಾಕ್ಟರ್‌ನ (ದಮ್ಮಸು ಮಾಡುವ ಯಂತ್ರದ) ಏಟು ಅದಕ್ಕಿಂತ ಆಳಕ್ಕೆ ಸರಿಯಾಗಿ ಮುಟ್ಟದು. ಒಣಗಿದ ಜಲ್ಲಿ ಕೂರುವುದಿಲ್ಲ: ಪುಡಿಯನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು. ಮುಗಿದ ಮೇಲೆ ಹಿಮ್ಮಡಿ ಊರಿ ತಿರುಗಿ ನೋಡಿ. ಕುಳಿ ಬಿದ್ದಲ್ಲಿ ಮೇಲೆ ಪುಡಿ ಚೆಲ್ಲಿ ಮುಚ್ಚದೆ, ಕೆದಕಿ ಮತ್ತೆ ಹೊಡೆಯಿರಿ.

ಮಟ್ಟದಲ್ಲಿ ತಪ್ಪು ಉಳಿದರೆ ಕಾಂಕ್ರೀಟ್ ಒಂದೆಡೆ 100, ಇನ್ನೊಂದೆಡೆ 70 ಮಿ.ಮೀ. ಆಗುತ್ತದೆ, ಬಿರುಕು ತೆಳುವಾದ ಕಡೆಯೇ ಹುಡುಕಿಕೊಂಡು ಹೋಗುತ್ತದೆ. ಪಾಲಿಥೀನ್ ಹಾಸದಿದ್ದರೆ, ಸುರಿಯುವ ಮುನ್ನ ತಳಕ್ಕೆ ನೀರು ಚಿಮುಕಿಸಿ, ಎಲ್ಲೂ ನಿಲ್ಲದಷ್ಟು ಮಾತ್ರ.